ಕಪ್ಪು ಕವಚಕ್ಕೆ ಎಷ್ಟು ಬೂದು ಬೇಕು?

(ಬೆಂಗಳೂರಿನಲ್ಲಿ ಟೇಬಲ್‌ಟಾಪ್ ಆಟಗಾರರು, ಅಂದರೆ ಮಿನಿಯೇಚರ್ ಎಂಬ ಪುಟ್ಟ ಸೈನಿಕ ಗೊಂಬೆಗಳಿಗೆ ಬಣ್ಣ ಹಚ್ಚಿ ಮೇಜಿನ ಮೇಲೆ ಆಡುವವರು, ಸೇರಿದ್ದ ಒಂದು ಭಾನುವಾರ ಆಡಿದ ಮಾತಿನ ಬರಹ ರೂಪ.)

ಕಪ್ಪು ಕವಚದ ಬಗ್ಗೆ ನನ್ನ ಹತ್ತಿರ ಬರುವ ದೂರು ಎರಡೇ ಬಗೆಯವು. ಒಂದು: ‘ಹತ್ತಿರ ಹಿಡಿದರೆ ಚೆನ್ನಾಗಿದೆ, ಆಟದ ಮೇಜಿನ ಮೇಲೆ ಇಟ್ಟರೆ ಬರೀ ಕಪ್ಪು ಮುದ್ದೆ. ಕೈ ಯಾವುದು, ಎದೆ ಯಾವುದು ಗೊತ್ತಾಗಲ್ಲ.’ ಇನ್ನೊಂದು: ‘ಎದ್ದು ಕಾಣಲಿ ಅಂತ ಹೈಲೈಟ್ (ಬೆಳಕು ಬಿದ್ದ ಹಾಗೆ ತೋರಿಸುವ ತಿಳಿ ಬಣ್ಣ) ಹಾಕಿದೆ. ಕಪ್ಪು ಹೋಗಿ ಬೂದು ಕವಚ ಆಯ್ತು.’ ಮೊದಲನೆಯವರು ಹೆದರಿ ಕಡಿಮೆ ಹಾಕಿರುತ್ತಾರೆ, ಎರಡನೆಯವರು ಧೈರ್ಯ ಮಾಡಿ ಜಾಸ್ತಿ ಹಾಕಿರುತ್ತಾರೆ. ಇಬ್ಬರೂ ಕೇಳುವ ಪ್ರಶ್ನೆ ಒಂದೇ: ಬೂದು ಎಷ್ಟು ತಿಳಿಯಾಗಿರಬೇಕು? ನಾನು ಆ ಪ್ರಶ್ನೆಯನ್ನೇ ಬದಲಾಯಿಸಿ ಅನ್ನುತ್ತೇನೆ. ಬೂದು ಎಷ್ಟು ಅಗಲ ಇರಬೇಕು ಅಂತ ಕೇಳಿ. ಕಪ್ಪು ಕವಚದ ಮೇಲೆ ಬೆಳ್ಳಂಬೆಳ್ಳಗಿನ ಚುಕ್ಕೆ ಇಡಬಹುದು, ಕಪ್ಪಿಗೆ ಏನೂ ಆಗಲ್ಲ. ಆದರೆ ನಡುಬಣ್ಣದ ಬೂದು ಅಗಲವಾಗಿ ಹರಡಿತೋ, ಅಲ್ಲಿಗೆ ಕಪ್ಪು ಮುಗಿಯಿತು.

ಇದು ಯಾಕೆ ಹೀಗೆ ಅಂತ ಮೊದಲು ನೋಡೋಣ. ಬಣ್ಣದ ಬಾಟಲಿ ಆಮೇಲೆ ತೆಗೆಯೋಣ.

ಈ ಕೋಣೆಯ ಟ್ಯೂಬ್‌ಲೈಟಿನ ಬೆಳಕು ಸುಮಾರು 400 ಲಕ್ಸ್ ಇರಬಹುದು ಅಂದುಕೊಳ್ಳಿ. ಲಕ್ಸ್ ಅಂದರೆ ಬೀಳುವ ಬೆಳಕಿನ ಅಳತೆ. ನಿಮ್ಮ ಕೈಯಲ್ಲಿರುವ ಬಿಳಿ ಹಾಳೆ ಅದರಲ್ಲಿ ಶೇ. 80ರಷ್ಟನ್ನು ವಾಪಸ್ ಕಳಿಸುತ್ತದೆ. ಅಂದರೆ 320. ಈಗ ಹೊರಗೆ ಹೋಗಿ. ಮಧ್ಯಾಹ್ನದ ಬಿಸಿಲು ಹತ್ತಿರಹತ್ತಿರ 1,00,000 ಲಕ್ಸ್. ಹೊಸದಾಗಿ ಹಾಕಿದ ಡಾಂಬರು ಅದರಲ್ಲಿ ಶೇ. 4 ಅಥವಾ 5ರಷ್ಟನ್ನು ಮಾತ್ರ ವಾಪಸ್ ಕೊಡುತ್ತದೆ. ಆದರೂ ಅದು ಕಡಿಮೆ ಅಂದರೂ 4,000. ಅಂದರೆ ಹೊರಗಿನ ಕಪ್ಪು ರಸ್ತೆಯಿಂದ ನಿಮ್ಮ ಕಣ್ಣಿಗೆ ಬರುವ ಬೆಳಕು, ಇಲ್ಲಿನ ಬಿಳಿ ಹಾಳೆಯಿಂದ ಬರುವುದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ. ಆದರೂ ರಸ್ತೆ ಕಪ್ಪು, ಹಾಳೆ ಬಿಳಿ. ಕಣ್ಣು ಬೆಳಕನ್ನು ಅಳೆದು ಬಣ್ಣ ಹೇಳುವುದಿಲ್ಲ. ಅಕ್ಕಪಕ್ಕದಲ್ಲಿ ಏನಿದೆ ಅಂತ ನೋಡಿ ಹೇಳುತ್ತದೆ.

ಇದನ್ನು 1929ರಲ್ಲಿ ಅಡೆಮಾರ್ ಗೆಲ್ಬ್ ಎಂಬ ಮನೋವಿಜ್ಞಾನಿ ಬಹಳ ಚೆಂದವಾಗಿ ತೋರಿಸಿದರು. ಕತ್ತಲೆಯ ಕೋಣೆ. ಅಲ್ಲಿ ಒಂದು ಕಪ್ಪು ತಟ್ಟೆ ತೂಗುಹಾಕಿದೆ. ದೀಪ ಎಲ್ಲೋ ಅಡಗಿದೆ, ಅದರ ಬೆಳಕು ತಟ್ಟೆಯ ಮೇಲೆ ಮಾತ್ರ ಬೀಳುತ್ತದೆ. ನೋಡುವವರಿಗೆ ತಟ್ಟೆ ಬಿಳಿಯಾಗಿ ಕಾಣುತ್ತದೆ! ಈಗ ಅದೇ ಬೆಳಕಿನಲ್ಲಿ, ತಟ್ಟೆಯ ಪಕ್ಕಕ್ಕೆ ಒಂದು ಚೂರು ಬಿಳಿ ಕಾಗದ ಹಿಡಿದರೆ ತಟ್ಟೆ ತಕ್ಷಣ ಕಪ್ಪಾಗುತ್ತದೆ. ಕಾಗದ ತೆಗೆದರೆ ಮತ್ತೆ ಬಿಳಿ. ಗುಟ್ಟು ಗೊತ್ತಿದ್ದರೂ ಕಣ್ಣು ಕೇಳುವುದಿಲ್ಲ. ಆ ಚೂರು ಕಾಗದ ಎಷ್ಟು ಸಣ್ಣದು, ಅದರ ಕೆಲಸ ಎಷ್ಟು ದೊಡ್ಡದು ನೋಡಿ. ನಮ್ಮ ಮಿನಿಯೇಚರ್ ಮೇಲಿನ ಕೊನೆಯ ಬಿಳಿ ಚುಕ್ಕೆ ಮಾಡಬೇಕಾದ್ದು ಅದೇ ಕೆಲಸ.

ಇದಕ್ಕೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಎಂ.ಜಿ. ರಸ್ತೆಯ ಕಾವೇರಿ ಎಂಪೋರಿಯಂನಲ್ಲಿ ಬಿದರಿ ಹೂದಾನಿ ನೋಡಿದ್ದೀರಲ್ಲ? ಆ ಲೋಹದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಅಚ್ಚು ಹೊಯ್ದು, ಉಜ್ಜಿ, ಬಳ್ಳಿ ಕೆತ್ತಿ, ಬೆಳ್ಳಿ ತಂತಿ ಕೂರಿಸಿದಾಗ ವಿನ್ಯಾಸ ಸರಿಯಾಗಿ ಕಾಣುವುದೇ ಇಲ್ಲ. ಬೂದು ಲೋಹದ ಮೇಲೆ ಬಿಳಿ ಬೆಳ್ಳಿ, ಎರಡೂ ಹೊಳೆಯುತ್ತವೆ. ಆಮೇಲೆ ಬೀದರ್ ಕೋಟೆಯ ಹಳೆ ಮಣ್ಣಿಗೆ ನವಸಾಗರ ಬೆರೆಸಿ ಕಾಯಿಸಿ, ಆ ನೀರಿನಲ್ಲಿ ಪಾತ್ರೆಯನ್ನು ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮುಂದಿನ ಸಲ ಬಿದರಿ ಸಿಕ್ಕಾಗ ಹತ್ತಿರ ಹಿಡಿದು ಒಂದು ಪರೀಕ್ಷೆ ಮಾಡಿ. ಬೆಳ್ಳಿ ಇರುವ ಜಾಗ ಬೆರಳಿನಿಂದ ಮುಚ್ಚಿ. ಉಳಿದ ಕಪ್ಪು ಮಂಕಾದ ಗಾಢ ಬೂದಾಗಿ ಕಾಣುತ್ತದೆ. ಬೆರಳು ತೆಗೆಯಿರಿ. ಮತ್ತೆ ಕಪ್ಪು.

ವಾರ್‌ಹ್ಯಾಮರ್ 40,000 ಎಂಬ ಮಿನಿಯೇಚರ್ ಯುದ್ಧದಾಟ ಆಡುವವರಿಗೆ ಇದು ಚಿರಪರಿಚಿತ ಅನ್ನಿಸಬೇಕು. ಆ ಆಟದ ಡೆತ್‌ವಾಚ್ ಪಡೆಯ ಸೈನಿಕರ ಕವಚ ಬಹುಪಾಲು ಕಪ್ಪು, ಎಡಗೈ ಬೆಳ್ಳಿ. ಬ್ಲ್ಯಾಕ್ ಟೆಂಪ್ಲರ್ ಎಂಬ ಇನ್ನೊಂದು ಪಡೆಯವರಿಗೆ ಬಿಳಿ ಭುಜ. ಕಥೆಯಲ್ಲಿ ಇದಕ್ಕೆ ಬೇರೆ ಕಾರಣಗಳಿವೆ, ಸರಿ. ಆದರೆ ಬಣ್ಣ ಹಚ್ಚುವವರಿಗೆ ಅದು ದೊಡ್ಡ ಉಪಕಾರ. ಆ ಬೆಳ್ಳಿ ಕೈಯನ್ನು, ಆ ಬಿಳಿ ಭುಜವನ್ನು ಕೊನೆಗೆ ಬಿಡಬೇಡಿ. ಮೊದಲೇ ಮೂಲಬಣ್ಣ ಹಚ್ಚಿಡಿ. ಅದನ್ನು ಪಕ್ಕದಲ್ಲಿ ಇಟ್ಟುಕೊಂಡು ಕಪ್ಪಿನ ಕೆಲಸ ಮಾಡಿ. ಇಲ್ಲದಿದ್ದರೆ ನೀವು ಕತ್ತಲೆ ಕೋಣೆಯ ತಟ್ಟೆ ನೋಡಿಕೊಂಡು ಕೆಲಸ ಮಾಡುತ್ತಿರುತ್ತೀರಿ, ಎಷ್ಟು ಬೂದು ಹಾಕಿದರೂ ಅಂದಾಜು ಸಿಗುವುದಿಲ್ಲ.

ಈಗ ಅಗಲದ ವಿಷಯ. ಬೇಲೂರಿಗೆ ಹೋದವರು ಚೆನ್ನಕೇಶವ ಗುಡಿಯ ನವರಂಗದ ಕಂಬಗಳನ್ನು ನೆನಪು ಮಾಡಿಕೊಳ್ಳಿ. 1117ರಲ್ಲಿ ಪ್ರತಿಷ್ಠೆಯಾದ ಗುಡಿ. ಕಲ್ಲು ಬಳಪದ ಕಲ್ಲು. ಹೊರಗೋಡೆಯಲ್ಲಿ ಅದು ಬೂದು-ಹಸಿರು. ಒಳಗೆ ತಿರುಗಿಸಿ ಕಡೆದು ನುಣುಪು ಮಾಡಿದ ಕಂಬಗಳಲ್ಲಿ ಅದೇ ಕಲ್ಲು ಕಪ್ಪು. ಏನು ವ್ಯತ್ಯಾಸ? ಒರಟು ಮೈಯಿಂದ ಬೆಳಕು ಎಲ್ಲಾ ದಿಕ್ಕಿಗೂ ಚೆದುರುತ್ತದೆ. ಎಲ್ಲಿ ನಿಂತು ನೋಡಿದರೂ ಸ್ವಲ್ಪ ಸ್ವಲ್ಪ ಬೆಳಕು ಸಿಗುತ್ತದೆ, ಇಡೀ ಮೈ ಬೂದಾಗಿ ಕಾಣುತ್ತದೆ. ನುಣುಪಾದ ಮೈ ಬೆಳಕನ್ನು ಒಂದೇ ದಿಕ್ಕಿಗೆ ಕಳಿಸುತ್ತದೆ. ಆ ದಿಕ್ಕಿನಲ್ಲಿ ತೆಳ್ಳಗಿನ, ಚೂಪಾದ, ಬಹಳ ಪ್ರಕಾಶದ ಗೆರೆ. ಉಳಿದ ಕಡೆಯೆಲ್ಲ ಕತ್ತಲೆ. ಬಾಗಿಲಿನ ಬೆಳಕು ಆ ಕಂಬಗಳ ಮೇಲೆ ಮೇಲಿಂದ ಕೆಳಗೆ ಇಳಿದ ಒಂದು ಸಣ್ಣ ಪಟ್ಟಿಯಾಗಿ ಕಾಣುತ್ತದೆ. ಉಂಗುರದ ಹಾಗೆ ಉಬ್ಬಿದ ಕಡೆ ಪಟ್ಟಿ ತುಂಡಾಗಿ ಚುಕ್ಕೆಯಾಗುತ್ತದೆ, ಮುಂದೆ ಮತ್ತೆ ಪಟ್ಟಿ. ಕವಚದ ಮೊಣಕಾಲಿನ ಕೆಳಗಿನ ಭಾಗಕ್ಕೆ ಹೇಗೆ ಹೈಲೈಟ್ ಹಾಕಬೇಕು ಅನ್ನುವುದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಪಾಠ ಆ ಕಂಬಗಳಲ್ಲಿದೆ.

ಇನ್ನೂ ಸುಲಭವಾದ ಪಾಠ ಈ ಕಟ್ಟಡದ ಕೆಳಗೇ ನಿಂತಿದೆ. ಯಾವುದಾದರೂ ಕಪ್ಪು ಬೈಕಿನ ಟ್ಯಾಂಕ್ ನೋಡಿ. ಮೇಲ್ಭಾಗದಲ್ಲಿ ಆಕಾಶದ ತಿಳಿನೀಲಿ. ಅದು ಕೆಳಗೆ ಬರುತ್ತಾ ಸುಮ್ನೆ ಕರಗಿ ಹೋಗುವುದಿಲ್ಲ. ಒಂದು ಜಾಗದಲ್ಲಿ ಥಟ್ಟನೆ ನಿಲ್ಲುತ್ತದೆ. ಅದು ಎದುರಿನ ಮನೆ, ಮರಗಳ ಸಾಲು. ಅಲ್ಲಿಂದ ಕೆಳಗೆ ಗಾಢ ಕಪ್ಪು. ಇನ್ನೂ ಕೆಳಗೆ, ಟ್ಯಾಂಕಿನ ಹೊಟ್ಟೆಯ ಹತ್ತಿರ, ರಸ್ತೆಯ ಮಣ್ಣಿನ ಕಂದು ಬಣ್ಣ ತೀರಾ ಮಂಕಾಗಿ. ಹೊಳೆಯುವ ಕಪ್ಪಿಗೆ ಸ್ವಂತ ಬಣ್ಣ ಅಂತ ಬಹಳ ಕಡಿಮೆ. ಅದು ಸುತ್ತಮುತ್ತಲಿನದನ್ನು ತೋರಿಸುತ್ತದೆ. ಏನನ್ನೂ ತೋರಿಸದ ಕಪ್ಪು ಬೇಕಾದರೆ 2014ರಲ್ಲಿ ಬ್ರಿಟನ್ನಿನ ಕಂಪನಿಯೊಂದು ಹೊರತಂದ ವ್ಯಾಂಟಾಬ್ಲ್ಯಾಕ್ ಇದೆ. ಬಿದ್ದ ಬೆಳಕಿನಲ್ಲಿ ಶೇ. 99.965ರಷ್ಟನ್ನು ನುಂಗುತ್ತದೆ. ಅದನ್ನು ಬಳಿದ ಮುಖವಾಡದ ಫೋಟೊ ನೋಡಿ. ಮೂಗಿಲ್ಲ, ಕಣ್ಣಿಲ್ಲ, ಗಾಳಿಯಲ್ಲಿ ಒಂದು ತೂತು. ಬರೀ ಕಪ್ಪು ಹಚ್ಚಿ ಬಿಟ್ಟ ಮಿನಿಯೇಚರ್ ಆ ದಾರಿಯಲ್ಲೇ ಇದೆ.

ಒಂದು ಸಣ್ಣ ಪಕ್ಕದ ಮಾತು. ಕಪ್ಪು ಕವಚ ಬರೀ ಕಲ್ಪನೆಯದ್ದಲ್ಲ. 16ನೇ ಶತಮಾನದ ಜರ್ಮನಿಯಲ್ಲಿ ಕೂಲಿ ಸೈನಿಕರು ತೊಡುತ್ತಿದ್ದ ಕಪ್ಪು-ಬಿಳಿ ಕವಚಗಳು ಇವತ್ತಿಗೂ ಯುರೋಪಿನ ಮ್ಯೂಸಿಯಂಗಳಲ್ಲಿವೆ. ತಗಡಿನ ಹೆಚ್ಚಿನ ಭಾಗವನ್ನು ಉಜ್ಜದೆ, ಕುಲುಮೆಯಿಂದ ಬಂದ ಹಾಗೇ ಬಿಟ್ಟು ಅಥವಾ ಕಪ್ಪು ಬಳಿದು, ಅಂಚು ಮತ್ತು ಕೆಲವು ಪಟ್ಟಿಗಳನ್ನು ಮಾತ್ರ ಬೆಳ್ಳಗೆ ಉಜ್ಜುತ್ತಿದ್ದರು. ಇಡೀ ಕವಚ ಉಜ್ಜುವ ಖರ್ಚು ಉಳಿಯುತ್ತಿತ್ತು, ತುಕ್ಕೂ ಕಡಿಮೆ. ‘ಅಂಚಿಗೆ ಗೆರೆ ಎಳೆಯುವುದು ಕಾರ್ಟೂನ್ ಥರ, ನಿಜವಾದ ಕವಚ ಹಾಗಿರಲ್ಲ’ ಅನ್ನುವವರಿಗೆ ನಾನು ಇದನ್ನು ತೋರಿಸುತ್ತೇನೆ.

ಸರಿ, ಬ್ರಷ್ ಹಿಡಿಯೋಣ. ಒಂದು ಭುಜದ ತಗಡನ್ನು ಪೂರ್ತಿ ಮಾಡಿ ತೋರಿಸುತ್ತೇನೆ, ಉಳಿದದ್ದು ಅದೇ ಜಾಡು. ಕಪ್ಪು ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಕೊಡುವ ಪದರ) ಮೇಲೆ ಸಿಟಡೆಲ್ ಕಂಪನಿಯ ಅಬ್ಯಾಡನ್ ಬ್ಲ್ಯಾಕ್ ಹಚ್ಚಿದ್ದೇನೆ. ವಲೇಹೊ ಕಂಪನಿಯ ಬಣ್ಣ ಬಳಸುವವರು 70.950 ನಂಬರಿನ ಕಪ್ಪು ತಗೊಳ್ಳಿ. ಪ್ರೈಮರ್ ಹೇಗೂ ಕಪ್ಪು, ಮತ್ತೆ ಯಾಕೆ ಕಪ್ಪು ಅಂತ ಕೇಳಬೇಡಿ. ಆಮೇಲೆ ತಿದ್ದುವಾಗ ಇದೇ ಬಾಟಲಿಯ ಕಪ್ಪು ಬೇಕು. ಸ್ಪ್ರೇ ಕಪ್ಪಿಗೂ ಇದಕ್ಕೂ ಮೈ ಹೊಳಪಿನಲ್ಲಿ ವ್ಯತ್ಯಾಸ ಇರುತ್ತದೆ, ತಿದ್ದಿದ ತೇಪೆ ಎದ್ದು ಕಾಣುತ್ತದೆ.

ಭುಜ ಅರ್ಧ ಗೋಳ. ಬೆಳಕು ಮೇಲೆ ಎಡಗಡೆಯಿಂದ ಬರುತ್ತದೆ ಅಂತ ಒಂದು ಸಲ ನಿರ್ಧಾರ ಮಾಡಿದರೆ ಇಡೀ ಸೈನಿಕನಿಗೆ ಅದೇ. ಗೊಂದಲ ಇದ್ದರೆ ಮಿನಿಯೇಚರನ್ನು ಟೇಬಲ್ ಲ್ಯಾಂಪ್ ಕೆಳಗೆ ಹಿಡಿದು ಮೊಬೈಲಲ್ಲಿ ಫೋಟೊ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಮೊದಲು ಡಾರ್ಕ್ ರೀಪರ್. ಇದು ಗಾಢ ನೀಲಿ-ಬೂದು. ಕಪ್ಪಿಗೆ ಅರ್ಧದಷ್ಟು ಬೆರೆಸಿ, ನೀರು ಹಾಕಿ ತೆಳ್ಳಗೆ ಮಾಡಿ, ಗೋಳದ ಮೇಲ್ಭಾಗದಲ್ಲಿ ಒಂದು ಉದ್ದುದ್ದ ಮೊಟ್ಟೆಯಾಕಾರ. ಇಡೀ ಭುಜದ ಐದರಲ್ಲಿ ಒಂದು ಭಾಗಕ್ಕಿಂತ ದೊಡ್ಡದಾಗಬಾರದು. ಅದರೊಳಗೆ ಅದರ ಅರ್ಧದಷ್ಟು ಜಾಗದಲ್ಲಿ ಶುದ್ಧ ಡಾರ್ಕ್ ರೀಪರ್. ಅದರೊಳಗೆ ಥಂಡರ್‌ಹಾಕ್ ಬ್ಲೂ, ಒಂದು ಸಣ್ಣ ಗೆರೆ. ಮೇಲೆ ಫೆನ್ರಿಸಿಯನ್ ಗ್ರೇ, ಬ್ರಷ್ ತುದಿ ತಾಗಿಸಿ ಎತ್ತಿದಷ್ಟೇ. ನೋಡಿ, ಪ್ರತಿ ಹಂತಕ್ಕೂ ಬಣ್ಣ ತಿಳಿಯಾಗುತ್ತದೆ, ಜಾಗ ಅರ್ಧಕ್ಕೆ ಅಥವಾ ಅದಕ್ಕಿಂತ ಕಡಿಮೆಗೆ ಇಳಿಯುತ್ತದೆ. ಕೊನೆಯದಕ್ಕೂ ಕಪ್ಪಿಗೂ ನಡುವೆ ದೂರ ಜಾಸ್ತಿ, ಆದರೆ ಆ ದೂರವನ್ನು ಬಹಳ ಚಿಕ್ಕ ಜಾಗದಲ್ಲಿ ದಾಟಿದ್ದೇವೆ. ಹೊಳಪು ಅಂತ ಕಣ್ಣಿಗೆ ಅನ್ನಿಸುವುದು ಅದರಿಂದ. ಇದೇ ನಾಲ್ಕು ಬಣ್ಣವನ್ನು ಮೂರು ಪಟ್ಟು ಅಗಲಕ್ಕೆ ಹರಡಿ, ನೀಲಿ-ಬೂದು ಕವಚ ಸಿಗುತ್ತದೆ.

ಇನ್ನು ಅಂಚು. ಬ್ರಷ್ಷಿನ ತುದಿಯಿಂದ ಗೆರೆ ಎಳೆಯಲು ಹೋಗಬೇಡಿ, ಪಕ್ಕೆಯಿಂದ ಎಳೆಯಿರಿ. ಬಣ್ಣ ಅದ್ದಿ, ಟಿಶ್ಯೂ ಮೇಲೆ ಒಂದು ಸಲ ಒರೆಸಿ, ಕೂದಲಿನ ಪಕ್ಕವನ್ನು ಅಂಚಿಗೆ ಓರೆಯಾಗಿ ಒರಗಿಸಿ ನಿಮ್ಮ ಕಡೆಗೆ ಎಳೆಯಿರಿ. ಅಂಚೇ ಬ್ರಷ್ಷಿಗೆ ದಾರಿ ತೋರಿಸುತ್ತದೆ. ಒಂದನೇ ನಂಬರ್ ಬ್ರಷ್ ಸಾಕು, ಸೊನ್ನೆ ಸೊನ್ನೆ ಸೊನ್ನೆಯದಕ್ಕೆ ದುಡ್ಡು ಹಾಕಬೇಡಿ. ಅಷ್ಟು ಸಣ್ಣ ಕೂದಲಲ್ಲಿ ಬಣ್ಣ ಅಂಚಿಗೆ ಮುಟ್ಟುವ ಮೊದಲೇ ಒಣಗಿರುತ್ತದೆ, ಅದರಲ್ಲೂ ನಮ್ಮ ಮಾರ್ಚ್-ಏಪ್ರಿಲ್ ತಿಂಗಳಲ್ಲಿ. ಆ ಎರಡು ತಿಂಗಳು ವೆಟ್ ಪ್ಯಾಲೆಟ್ ಇಲ್ಲದೆ ಕೂರಬೇಡಿ. ಅಗಲ ಡಬ್ಬಿ, ಒದ್ದೆ ಸ್ಪಂಜು, ಮೇಲೆ ಬಟರ್ ಪೇಪರ್, ಮುಗಿಯಿತು.

ಎಲ್ಲಾ ಅಂಚಿಗೂ ಒಂದೇ ಗೆರೆ ಬೇಡ. ಬೆಳಕಿಗೆ ಮುಖ ಮಾಡಿದ ಅಂಚಿಗೆ ಥಂಡರ್‌ಹಾಕ್ ಬ್ಲೂ, ಕೆಳಮುಖದ ಅಂಚಿಗೆ ಬರೀ ಡಾರ್ಕ್ ರೀಪರ್. ಎರಡು ಅಂಚು ಸೇರುವ ಮೂಲೆಗೆ ಒಂದು ಬಿಳಿ ಚುಕ್ಕೆ. ಗೆರೆ ದಪ್ಪ ಆಯ್ತಾ? ಇರಲಿ ಬಿಡಿ. ತೆಳ್ಳಗಿನ ಗೆರೆ ಎಳೆಯುವುದು ಕಷ್ಟ, ದಪ್ಪ ಗೆರೆಯನ್ನು ಪಕ್ಕದಿಂದ ಕಪ್ಪು ಹಚ್ಚಿ ತೆಳ್ಳಗೆ ಮಾಡುವುದು ಸುಲಭ. ಒಳ್ಳೆಯ ಕಪ್ಪು ಕವಚದ ಅರ್ಧ ಕೆಲಸ ಹೀಗೆ ಕಪ್ಪು ವಾಪಸ್ ತರುವುದರಲ್ಲಿದೆ. ಆದ್ದರಿಂದ ಕಪ್ಪು ಬಾಟಲಿಯ ಮುಚ್ಚಳ ಕೊನೆವರೆಗೂ ಹಾಕಬೇಡಿ.

ನೀಲಿ ಯಾಕೆ, ಕಪ್ಪಿಗೆ ಬಿಳಿ ಬೆರೆಸಿದ ಬರೀ ಬೂದು ಯಾಕಲ್ಲ ಅಂತ ಕೇಳಬಹುದು. ಎಶಿನ್ ಗ್ರೇ, ಆಮೇಲೆ ಡಾನ್‌ಸ್ಟೋನ್, ಇದು ಹಳೆಯ ಜೋಡಿ, ಕೆಲಸ ಮಾಡುತ್ತದೆ. ಆದರೆ ಒಬ್ಬನೇ ಸೈನಿಕನ ಮೇಲೆ ಕಪ್ಪು ಕವಚ, ಕಪ್ಪು ನಿಲುವಂಗಿ, ಕಪ್ಪು ಚರ್ಮದ ಪಟ್ಟಿ ಮೂರೂ ಇದ್ದಾಗ ಬಣ್ಣದ ಛಾಯೆಯೂ ಬೇಕು, ಆಕಾರವೂ ಬೇಕು. ಕವಚಕ್ಕೆ ತಣ್ಣನೆಯ ನೀಲಿ, ಚೂಪು ಗೆರೆ. ಬಟ್ಟೆಗೆ ಕಂದು ಬೆರೆತ ಬೂದು, ಮಡಿಕೆಯ ಉದ್ದಕ್ಕೂ ಅಗಲವಾಗಿ, ಮೆತ್ತಗೆ, ಆದರೆ ಎಲ್ಲೂ ಬಿಳಿಯವರೆಗೆ ಹೋಗದ ಹಾಗೆ. ಚರ್ಮಕ್ಕೆ ನಡುವಿನದು, ಅಂಚಿನಲ್ಲಿ ಸಣ್ಣ ಸಣ್ಣ ಗೀರು. ಮೂರೂ ಕಪ್ಪೇ, ಆದರೆ ಯಾವುದು ಲೋಹ, ಯಾವುದು ಬಟ್ಟೆ ಅಂತ ಕೈಯಲ್ಲಿ ಮುಟ್ಟದೆ ಗೊತ್ತಾಗುತ್ತದೆ. ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಸಂತೋಷ ಕೊಡುವ ಘಳಿಗೆ ಇದು. ಒಂದು ಎಚ್ಚರ: ಕಪ್ಪಿಗೆ ಹಳದಿ ಬೆರೆಸಿ ಬೆಚ್ಚಗೆ ಮಾಡಲು ಹೋಗಬೇಡಿ. ಪಾಚಿ ಹಸಿರು ಬರುತ್ತದೆ.

ಮಧ್ಯದಲ್ಲಿ ಒಬ್ಬರು ಕೇಳಿದರು, ‘ನನ್ನದು ಇಡೀ ಸೈನ್ಯ ಇದೆ. ಪ್ರತಿ ಭುಜಕ್ಕೂ ನಾಲ್ಕು ಬಣ್ಣ ಅಂದರೆ ಯಾವ ಕಾಲಕ್ಕೆ ಆಟ ಆಡೋದು?’ ನ್ಯಾಯವಾದ ಪ್ರಶ್ನೆ. ಸಾಲಿನ ಸೈನಿಕರಿಗೆ ಎಶಿನ್ ಗ್ರೇಯಲ್ಲಿ ಡ್ರೈಬ್ರಷ್ ಮಾಡಿ, ಅಂದರೆ ಬಣ್ಣವನ್ನು ಬಹುಪಾಲು ಒರೆಸಿದ ಬ್ರಷ್ಷಿನಲ್ಲಿ ಸವರಿ, ಮೇಲಿಂದ ಕೆಳಮುಖವಾಗಿ ಮಾತ್ರ. ಮೇಲೆ ನುಲ್ನ್ ಆಯಿಲ್ ಎಂಬ ನೀರಿನಂಥ ಕಪ್ಪು ಬಣ್ಣದ ವಾಶ್ ಕೊಡಿ. ಹರಡಿದ ಬೂದನ್ನೆಲ್ಲ ಅದು ಕೆಳಗೆ ಇಳಿಸುತ್ತದೆ, ಕಪ್ಪು ವಾಪಸ್ ಬರುತ್ತದೆ. ಒಣಗಿದ ಮೇಲೆ ತಲೆ ಮತ್ತು ಭುಜಕ್ಕೆ ಮಾತ್ರ ಚೂಪಾದ ಅಂಚಿನ ಗೆರೆ, ಮೂಲೆಗಳಿಗೆ ಚುಕ್ಕೆ. ಆಟದ ಮೇಜಿನ ಪಕ್ಕ ನಿಂತು ನೋಡುವಾಗ ಕಣ್ಣು ಹೋಗುವುದು ತಲೆಗೆ, ಭುಜಕ್ಕೆ. ನಾಯಕನಿಗೆ ಪೂರ್ತಿ ಕೆಲಸ ಮಾಡಿ.

ವಾರ್ನಿಶ್ ವಿಷಯಕ್ಕೆ ಬರೋಣ. ಇಲ್ಲಿ ಕಪ್ಪು ಕವಚಗಳು ಬಹಳ ಹಾಳಾಗುತ್ತವೆ. ಮ್ಯಾಟ್ ವಾರ್ನಿಶ್ ಅಂದರೆ ಒರಟು ಮೈ. ಬೇಲೂರಿನ ಹೊರಗೋಡೆಯ ಕಥೆಯೇ ಇಲ್ಲೂ: ಬೆಳಕು ಚೆದುರುತ್ತದೆ, ಕಪ್ಪು ಒಂದು ಪದರ ಬೂದಾಗುತ್ತದೆ. ಕವಚಕ್ಕೆ ಅರೆಹೊಳಪಿನ ಸ್ಯಾಟಿನ್ ಹಾಕಿ, ಬಟ್ಟೆಗೆ ಮಾತ್ರ ಬ್ರಷ್ಷಿನಲ್ಲಿ ಮ್ಯಾಟ್. ಪೂರ್ತಿ ಹೊಳಪಿನ ಗ್ಲಾಸಿ ವಾರ್ನಿಶ್ ಬೇಡ, ಕೋಣೆಯ ನಿಜವಾದ ದೀಪಗಳು ಅದರಲ್ಲಿ ಹೊಳೆದು ನೀವು ಬಿಡಿಸಿದ ಬೆಳಕಿನ ಜೊತೆ ಜಗಳ ಆಡುತ್ತವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ, ಮಳೆ ಹಿಡಿದ ದಿನ ಟೆರೇಸ್ ಮೇಲೆ ಸ್ಪ್ರೇ ಬೇಡವೇ ಬೇಡ. ಗಾಳಿಯ ತೇವಕ್ಕೆ ವಾರ್ನಿಶ್ ಹಾಲಿನ ಪೊರೆ ಕಟ್ಟಿದ ಹಾಗೆ ಬೆಳ್ಳಗಾಗುತ್ತದೆ. ಬೇರೆ ಬಣ್ಣದ ಮೇಲೆ ಅದು ಅಷ್ಟು ಕಾಣದೆ ಹೋಗಬಹುದು, ಕಪ್ಪಿನ ಮೇಲೆ ಅಡಗುವುದೇ ಇಲ್ಲ. ಹಾಗೆ ಆಗಿದ್ದರೆ ಒಣ ದಿನ ನೋಡಿ ಒಂದು ತೆಳು ಗ್ಲಾಸಿ ಪದರ ಬ್ರಷ್ಷಿನಲ್ಲಿ ಕೊಡಿ. ಅನೇಕ ಸಲ ಕಪ್ಪು ಮತ್ತೆ ಮೇಲೆ ಬರುತ್ತದೆ. ಆಮೇಲೆ ಸ್ಯಾಟಿನ್.

ಕಾಲ ಕೆಳಗಿನ ನೆಲವನ್ನು ಎಲ್ಲರೂ ಕೊನೆಗೆ ಬಿಡುತ್ತಾರೆ. ಕಪ್ಪಿಗೆ ಅದು ಬಹಳ ಮುಖ್ಯ. ಪ್ಯಾರಿಸ್ಸಿನ ಗೋಬೆಲಿನ್ಸ್ ನೇಯ್ಗೆಶಾಲೆಯಲ್ಲಿ 1824ರಿಂದ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರೂಲ್ ಅವರಿಗೆ ಒಂದು ದೂರು ಬಂತು: ಕಪ್ಪು ನೂಲು ಸತ್ವ ಇಲ್ಲದೆ ಕಾಣುತ್ತದೆ, ಬಣ್ಣ ಸರಿಯಿಲ್ಲ. ಅವರು ಬೇರೆ ಕಡೆಯ ಕಪ್ಪು ನೂಲು ತರಿಸಿ ಹೋಲಿಸಿದರು. ಬಣ್ಣದಲ್ಲಿ ಏನೂ ಕೊರತೆ ಇರಲಿಲ್ಲ. ಆ ಕಪ್ಪನ್ನು ನೇಯ್ದಿದ್ದು ನೀಲಿ, ನೇರಳೆ ಬಟ್ಟೆಯ ನೆರಳಿನ ಭಾಗಕ್ಕೆ. ಪಕ್ಕದ ಬಣ್ಣ ಕಪ್ಪನ್ನು ಕೆಡಿಸಿತ್ತು. ಈ ಜಾಡು ಹಿಡಿದು ಅವರು ಬಣ್ಣಗಳ ನೆರೆಹೊರೆಯ ನಿಯಮವನ್ನೇ ಕಂಡುಕೊಂಡು 1839ರಲ್ಲಿ ಪ್ರಕಟಿಸಿದರು. ಕಪ್ಪು ಕವಚದ ಪಕ್ಕ ಗಾಢ ನೀಲಿ ನಿಲುವಂಗಿ ಹಾಕಿ ‘ಕಪ್ಪು ಯಾಕೋ ಮಂಕು’ ಅನ್ನುವವರು ಇದನ್ನು ನೆನಪಿಡಿ.

ನಮಗೆ ನೆಲಕ್ಕೆ ಬೇಕಾದ್ದು ಊರಿನಲ್ಲೇ ಬಿದ್ದಿದೆ. ಕೆಮ್ಮಣ್ಣು! ಹೊಸ ಪಾಯ ಅಗೆದ ಜಾಗದಿಂದ ಒಂದು ಹಿಡಿ ತನ್ನಿ. ಬಾಣಲೆಯಲ್ಲಿ ಚೆನ್ನಾಗಿ ಹುರಿದು ಒಣಗಿಸಿ, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಒರಟು ಹರಳನ್ನು ಫೆವಿಕಾಲ್ ನೀರು ಮಾಡಿ ನೆಲಕ್ಕೆ ಅಂಟಿಸಿ. ಕೆಳಗೆ ಉಳಿದ ನುಣ್ಣನೆಯ ಪುಡಿಯನ್ನು ಹಳೆ ಬ್ರಷ್ಷಿನಲ್ಲಿ ಪಾದ, ಮೊಣಕಾಲ ಕೆಳಗಿನವರೆಗೆ ಸವರಿ, ಮೇಲಕ್ಕೆ ಹೋಗುತ್ತಾ ಕಡಿಮೆ ಮಾಡಿ. ಕೆಂಪು ಧೂಳಿನ ಪಕ್ಕ ನೀಲಿ ಅಂಚಿನ ಕಪ್ಪು ಇನ್ನಷ್ಟು ತಣ್ಣಗೆ, ಇನ್ನಷ್ಟು ಗಾಢವಾಗಿ ಕಾಣುತ್ತದೆ. ಧೂಳು ಒರಟು, ಕವಚ ನುಣುಪು, ಆ ವ್ಯತ್ಯಾಸವೂ ಸೇರಿಕೊಳ್ಳುತ್ತದೆ. ಭುಜಕ್ಕೆ, ತಲೆಗೆ ಧೂಳು ಬೇಡ. ಹೊಳಪು ಇರುವುದೇ ಅಲ್ಲಿ.

ಕಡೆಯದಾಗಿ ಫೋಟೊ, ಯಾಕೆಂದರೆ ಮುಗಿದ ಮೇಲೆ ಎಲ್ಲರೂ ಗ್ರೂಪಿಗೆ ಹಾಕುತ್ತೀರಿ. ಮೊಬೈಲ್ ಕ್ಯಾಮೆರಾ ಎದುರಿಗಿರುವುದನ್ನೆಲ್ಲ ನಡುಬಣ್ಣದ ಬೂದು ಅಂತ ಲೆಕ್ಕ ಹಾಕುತ್ತದೆ. ಕಪ್ಪು ಸೈನಿಕ ಚೌಕಟ್ಟು ತುಂಬಿದರೆ, ಕತ್ತಲೆ ಇದೆ ಅಂದುಕೊಂಡು ಬೆಳಕು ಏರಿಸುತ್ತದೆ. ಅಷ್ಟು ಕಷ್ಟಪಟ್ಟು ಉಳಿಸಿದ ಕಪ್ಪು ಫೋಟೊದಲ್ಲಿ ಬೂದು. ಹಿಂದೆ ಅಪ್ಪಟ ಬಿಳಿ ಹಾಳೆ ಇಟ್ಟರೆ ಉಲ್ಟಾ ಆಗುತ್ತದೆ, ಕವಚದ ಒಳಗಿನ ಗೆರೆಗಳೆಲ್ಲ ಮಾಯ. ನಡುಬೂದಿನ ಚಾರ್ಟ್ ಕಾಗದ ತಗೊಳ್ಳಿ, ಅವೆನ್ಯೂ ರಸ್ತೆಯಲ್ಲಿ ಸಿಗುತ್ತದೆ. ದೀಪಕ್ಕೆ ಬಿಳಿ ಬಟ್ಟೆ ಅಡ್ಡ ಹಿಡಿದು ಮೆತ್ತಗೆ ಮಾಡಿ. ಪರದೆಯ ಮೇಲೆ ಸೈನಿಕನ ಎದೆಯನ್ನು ಮುಟ್ಟಿ ಫೋಕಸ್ ಮಾಡಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಭುಜದ ಮೇಲಿನ ಬಿಳಿ ಚುಕ್ಕೆ ಬಿಳಿಯಾಗಿಯೇ ಇದ್ದು, ಕಂಕುಳದ ಸಂದು ಪೂರ್ತಿ ಕಪ್ಪಾದ ಕಡೆ ನಿಲ್ಲಿಸಿ, ಕ್ಲಿಕ್ ಮಾಡಿ.